ಆಟದ ಕಾಯಿ ಮೆಲ್ಲನೆ ಬೀಳಲಿ

ಕಾಲವನ್ನು ಕುಗ್ಗಿಸುವ, ಹಿಗ್ಗಿಸುವ ವಿದ್ಯೆ ನಮ್ಮ ಈ ಮುಂಬಯಿಗೆ ಹೊಸತಲ್ಲ. ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಲಂಡನ್ನಿಗೆ ಹೋಗಿ ಚಲಚ್ಚಿತ್ರದ ವಿದ್ಯೆ ಕಲಿತು ಬಂದಾಗ, ಹಣ ಹಾಕುವವರನ್ನು ಒಲಿಸಲು ಹಿಡಿದ ಚಿತ್ರ ರಾಜಮಹಾರಾಜರದಲ್ಲ. ಕುಂಡದಲ್ಲಿ ಬೆಳೆಯುವ ಒಂದು ಬಟಾಣಿ ಗಿಡದ್ದು. ದಿನದಿನವೂ ಗಿಡದ ಚಿತ್ರ ಹಿಡಿದು, ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ವಾರಗಟ್ಟಲೆಯ ಬೆಳವಣಿಗೆ ಕ್ಷಣಗಳಲ್ಲಿ ಕಣ್ಣೆದುರು ನಡೆದುಹೋಗುತ್ತಿತ್ತು. ಮರುವರ್ಷ, 1913ರ ಮೇ 3ರಂದು, ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಅವರ ‘ರಾಜಾ ಹರಿಶ್ಚಂದ್ರ’ ತೆರೆ ಕಂಡಿತು.

ಇದನ್ನೇ ತಿರುವುಮುರುವು ಮಾಡಿದರೆ ನಿಧಾನಗತಿ, ಅಂದರೆ ‘ಸ್ಲೋ ಮೋಷನ್’. ಸೆಕೆಂಡಿಗೆ 48 ಚಿತ್ರ ಹಿಡಿದು, ಸೆಕೆಂಡಿಗೆ 24ರಂತೆ ತೋರಿಸಿದರೆ ಓಟ ಅರ್ಧಕ್ಕೆ ಇಳಿಯುತ್ತದೆ. ಈ ನಿಧಾನಗತಿಯ ತೀರ್ಪಿಗೆ ಟೆಸ್ಟ್ ಪಂದ್ಯದಲ್ಲಿ ಮೊದಲು ತಲೆಬಾಗಿದ ಬ್ಯಾಟುಗಾರ ನಮ್ಮ ಮುಂಬಯಿಯ ಸಚಿನ್ ತೆಂಡೂಲ್ಕರ್. 1992ರ ನವೆಂಬರ್ 14ರಂದು ಡರ್ಬನ್ನಿನಲ್ಲಿ, ಅವರು ರನ್‌ಔಟ್ ಆದದ್ದನ್ನು ಟೆಲಿವಿಷನ್ ಚಿತ್ರ ನೋಡಿದ ಮೂರನೆಯ ಅಂಪೈರು ನಿರ್ಣಯಿಸಿದರು.

ಈಗ ನಮ್ಮ ಮನೆಗಳ ಮಕ್ಕಳು ಆಡುವ ವಿಡಿಯೋ ಆಟಕ್ಕೆ ಬರೋಣ. ಅಲ್ಲಿಯೂ ನಿಧಾನಗತಿ ಉಂಟು. 1999ರಲ್ಲಿ ‘ದಿ ಮೇಟ್ರಿಕ್ಸ್’ ಚಿತ್ರ ಗುಂಡಿನ ಹಾರಾಟವನ್ನೇ ನಿಧಾನಿಸಿ ತೋರಿಸಿತು. 2001ರಲ್ಲಿ ಫಿನ್ಲೆಂಡಿನವರು ಮಾಡಿದ ‘ಮ್ಯಾಕ್ಸ್ ಪೇನ್’ ಆಟ ಆ ಶಕ್ತಿಯನ್ನು ಆಡುವವನ ಕೈಗೇ ಕೊಟ್ಟಿತು. ಆದರೆ ಸಿನಿಮಾದ ಉಪಾಯ ಇಲ್ಲಿ ನಡೆಯದು. ಸಿನಿಮಾದಲ್ಲಿ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಪ್ರತಿಯೊಂದು ಚಿತ್ರವನ್ನೂ ಕಂಪ್ಯೂಟರು ಆ ಗಳಿಗೆಯಲ್ಲೇ ಬರೆಯುತ್ತದೆ.

ಒಂದು ಸರಳವಾದ ಆಟವನ್ನು ಎಣಿಸಿಕೊಳ್ಳಿ. ಮೇಲಿನಿಂದ ತೆಂಗಿನಕಾಯಿ ಬೀಳುತ್ತದೆ. ಕೆಳಗೆ ಬುಟ್ಟಿ ಹಿಡಿದು ಅದನ್ನು ಆತುಕೊಳ್ಳಬೇಕು. ಕಾಯಿ ಸೆಕೆಂಡಿಗೆ 300 ಚುಕ್ಕಿಯಷ್ಟು ಇಳಿಯುತ್ತದೆ, ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರ ಮೂಡುತ್ತವೆ ಎಂದಿಟ್ಟುಕೊಂಡರೆ, ಚಿತ್ರವೊಂದಕ್ಕೆ ಕಾಯಿ 5 ಚುಕ್ಕಿ ಕೆಳಗಿಳಿಯಬೇಕು. ನಿಧಾನ ಬೇಕಾದರೆ ಚಿತ್ರಗಳ ಸಂಖ್ಯೆಯನ್ನೇ 12ಕ್ಕೆ ಇಳಿಸಿದರಾಯಿತು ಎಂದು ಹೊಸಬರು ಭಾವಿಸುತ್ತಾರೆ. ಹಾಗೆ ಮಾಡಿದರೆ ಕಾಯಿ ಕುಂಟುತ್ತ ಇಳಿಯುತ್ತದೆ, ಒತ್ತಿದ ಗುಂಡಿಗೂ ಆಟ ತಡವಾಗಿ ಓಗೊಡುತ್ತದೆ.

ಸರಿಯಾದ ದಾರಿ ಬೇರೆ. ‘ಕಾಲ’ ಎಂಬ ಹೆಸರಿನ ಒಂದು ಅಂಕೆಯನ್ನು ಆಟದೊಳಗಿಟ್ಟು, ಕಾಯಿಯ ಪ್ರತಿ ಹೆಜ್ಜೆಯನ್ನೂ ಅದರಿಂದ ಗುಣಿಸಬೇಕು. ಅಂಕೆ 1 ಇದ್ದಾಗ ಎಂದಿನ ವೇಗ, 0.2 ಆದಾಗ 5 ಚುಕ್ಕಿಯ ಹೆಜ್ಜೆ 1 ಚುಕ್ಕಿಯಾಗುತ್ತದೆ. ಚಿತ್ರಗಳು ಮಾತ್ರ ಹಿಂದಿನಂತೆ 60. ಸಂಗೀತ ಕಲಿತ ಮನೆಗಳಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಸರಳೆ ವರಸೆಯನ್ನು ಮೊದಲನೆಯ ಕಾಲದಲ್ಲಿ ಹಾಡಿದರೂ ಮೂರನೆಯ ಕಾಲದಲ್ಲಿ ಹಾಡಿದರೂ ತೊಡೆಯ ಮೇಲಿನ ತಾಳ ಒಂದೇ ಸಮ ನಡೆಯುತ್ತದೆಯಲ್ಲವೆ? ಹಾಗೆಯೇ ಇದು.

ಆದರೆ ಇಲ್ಲೊಂದು ತೊಡಕುಂಟು. ಯಾವುದು ಈ ಅಂಕೆಗೆ ಒಳಪಡಬೇಕು, ಯಾವುದು ಒಳಪಡಬಾರದು ಎಂಬ ವಿವೇಕ ಬೇಕು. ನಿಧಾನಗತಿ 2 ಸೆಕೆಂಡು ಮಾತ್ರ ಇರಲಿ ಎಂದು ಹೇಳಿ, ಆ ಸೆಕೆಂಡುಗಳನ್ನು ಆಟದ ನಿಧಾನ ಗಡಿಯಾರದಲ್ಲಿ ಎಣಿಸಿದರೆ ಅದು 10 ಸೆಕೆಂಡು ನಿಂತುಬಿಡುತ್ತದೆ! ಆದಕಾರಣ ಅದನ್ನು ಗೋಡೆಯ ಗಡಿಯಾರದ ಲೆಕ್ಕದಲ್ಲಿ ಎಣಿಸಬೇಕು. ಕಾಯಿ ಬೀಳುತ್ತ ಬೀಳುತ್ತ ವೇಗ ಪಡೆಯುವಂಥದಾದರೆ, ಹೆಜ್ಜೆಯನ್ನಷ್ಟೇ ಅಲ್ಲ, ವೇಗದ ಏರಿಕೆಯನ್ನೂ ಗುಣಿಸಬೇಕು. ಇಲ್ಲವಾದರೆ ಓರೆಯಾಗಿ ಎಸೆದ ಕಾಯಿ ಬೀಳಬೇಕಾದ ಕಡೆ ಬಿಟ್ಟು ಇನ್ನೆಲ್ಲೋ ಬೀಳುತ್ತದೆ. ಬುಟ್ಟಿಯ ವೇಗವನ್ನು ಮಾತ್ರ ತಗ್ಗಿಸದೆ ಬಿಟ್ಟರೆ, ಆಡುವವರಿಗೆ ಯೋಚಿಸಲೂ ಸಮಯ, ಓಡಲೂ ಸಮಯ. ಕೊನೆಗೆ 0.2ರಿಂದ 1ಕ್ಕೆ ಒಮ್ಮೆಲೇ ನೆಗೆಯದೆ ಮೆಲ್ಲಮೆಲ್ಲನೆ ಏರಿಸಬೇಕು. ಇಲ್ಲದಿದ್ದರೆ ಕೈ ತಡವರಿಸುತ್ತದೆ.

ಇಷ್ಟೆಲ್ಲ ಬರಿಯ ಬೆಡಗಿಗೋ ಎಂದು ಯಾರಾದರೂ ಕೇಳಬಹುದು. ಬೆಡಗಿಗಿಂತ ದೊಡ್ಡ ಪ್ರಯೋಜನವೊಂದು ಇದರಲ್ಲಿದೆ. ಚೌಕಾಬಾರ, ಅಳಗುಳಿಮಣೆಗಳಲ್ಲಿ ಅಜ್ಜಿ, ಮೊಮ್ಮಗಳು ಸರಿಸಮ ಕೂತು ಆಡುತ್ತಿದ್ದರು. ಕವಡೆ ಬೀಳುವ ವೇಗಕ್ಕೆ ವಯಸ್ಸಿನ ಹಂಗಿರಲಿಲ್ಲ. ಮೊಬೈಲಿನ ಆಟ ಹಾಗಲ್ಲ. ಊರಿನಿಂದ ಬಂದು ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಮಗನ ಮನೆಯಲ್ಲಿರುವ ಹಿರಿಯರು, ಬೆರಳು ತಡವಾಯಿತೆಂಬ ಒಂದೇ ಕಾರಣಕ್ಕೆ ಮೊಮ್ಮಕ್ಕಳ ಆಟದಿಂದ ಹೊರಗುಳಿಯುತ್ತಾರೆ. ಕೈ ನಡುಗುವವರ, ಕಣ್ಣು ಮಂದವಾದವರ, ಅಂಗವೈಕಲ್ಯವುಳ್ಳ ಮಕ್ಕಳ ಪಾಡೂ ಇದೇ. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಆಟ ಇದನ್ನು ಮನಗಂಡು, ಬೇಕಾದವರು ಆಟದ ವೇಗವನ್ನು ಅರ್ಧದವರೆಗೂ ಇಳಿಸಿಕೊಳ್ಳುವ ಅನುಕೂಲ ಮಾಡಿಕೊಟ್ಟಿತು. ಬಹಳ ಕಠಿಣವೆಂದು ಹೆಸರಾದ ಆಟವದು. ಈ ಅನುಕೂಲದಿಂದ ಅದರ ಮಾನವೇನೂ ಕುಂದಲಿಲ್ಲ.

ನಮ್ಮ ಮಕ್ಕಳಿಗೆ ಇದು ಎಟುಕದ ಕೆಲಸವಲ್ಲ. ಅಮೆರಿಕದ ಎಂ.ಐ.ಟಿ.ಯವರು 2007ರಲ್ಲಿ ಹೊರತಂದ ‘ಸ್ಕ್ರಾಚ್’ ಎಂಬುದು ಉಚಿತವಾಗಿ ಸಿಗುತ್ತದೆ; ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಅದರಲ್ಲಿ ಆಟ ಕಟ್ಟಬಹುದು. ಮೇಲೆ ಹೇಳಿದ ತೆಂಗಿನಕಾಯಿಯ ಆಟಕ್ಕೆ ರಜೆಯ ಒಂದೆರಡು ಮಧ್ಯಾಹ್ನ ಸಾಕು. ಆಟ ಸಿದ್ಧವಾದ ಮೇಲೆ ‘ಕಾಲ’ದ ಅಂಕೆ ಎಷ್ಟಿರಬೇಕೆಂದು ಮಗು ತಾನೇ ತೀರ್ಮಾನಿಸದಿರಲಿ. ಅಜ್ಜಿಯನ್ನೋ ಅಜ್ಜನನ್ನೋ ಕೂರಿಸಿ, 0.2, 0.5, 0.8 ಎಂದು ಒಂದೊಂದನ್ನೇ ಆಡಿಸಿ ನೋಡಲಿ. ಯಾವ ಅಂಕೆಗೆ ಅವರು ‘ಇನ್ನೊಂದಾಟ’ ಎನ್ನುತ್ತಾರೋ ಅದೇ ಆ ಮನೆಗೆ ಸರಿಯಾದ ಅಂಕೆ.