ಬೆಟ್ಟ ಸೀಳಿದ ನದಿ, ಬೆರೆತುಹೋದ ದೇವರುಗಳು

ಹಿಮಾಲಯಕ್ಕಿಂತ ಹಳೆಯ ನದಿ! ಸಟ್ಲೆಜ್ ಬಗ್ಗೆ ಭೂವಿಜ್ಞಾನಿಗಳು ಹೇಳುವುದು ಇದನ್ನೇ. ಬೆಟ್ಟ ಏಳುತ್ತ ಹೋಯಿತು, ನದಿ ಕೊರೆಯುತ್ತ ಹೋಯಿತು, ದಾರಿ ಮಾತ್ರ ಬಿಡಲಿಲ್ಲ. ಟಿಬೆಟ್ಟಿನಿಂದ ಶಿಪ್ಕಿ ಲಾ ಬಳಿ ಒಳನುಗ್ಗಿ, ಹಿಮಾಲಯದ ಬೆನ್ನೆಲುಬನ್ನೇ ಅಡ್ಡ ಸೀಳಿಕೊಂಡು ಅದು ಇಳಿಯುವ ಕಮರಿಯ ಎರಡೂ ದಂಡೆಗೆ ಅಂಟಿಕೊಂಡಿದೆ ಹಿಮಾಚಲದ ಕಿನ್ನೌರ್ ಜಿಲ್ಲೆ. ಕತ್ತೆತ್ತಿದರೆ 6,050 ಮೀಟರಿನ ಕಿನ್ನರ ಕೈಲಾಸ, ಬಗ್ಗಿದರೆ ಪಾತಾಳದಲ್ಲಿ ನೀರು.

ಕೆಳಗೆ ನಿಚಾರ್ ಕಡೆ ದೇವದಾರು ಕಾಡು, ಹಸಿರೋ ಹಸಿರು. ಮುಂಗಾರಿನ ಮೋಡ ಅಲ್ಲಿಗೇ ಸುಸ್ತು. ಮೇಲೆ ಪೂಹ್ ಕಡೆ ಹೋಗಿ ನೋಡಿ, ಬರೀ ಬೋಳು ಬಂಡೆ! ಮಲೆನಾಡಿನಿಂದ ಬಯಲುಸೀಮೆಗೆ ಇಳಿದವರಿಗೆ ಮಳೆನೆರಳು ಹೊಸದೇನಲ್ಲ ಬಿಡಿ. ಆದರೆ ಇಲ್ಲಿ ಮಳೆಯ ಜೊತೆಗೆ ಮನೆ, ಮಾತು, ದೇವರು ಎಲ್ಲವೂ ಬದಲಾಗುತ್ತವೆ. ಕೆಳಗೆ ಕಲ್ಲು, ಮರ ಪದರಪದರವಾಗಿ ಪೇರಿಸಿದ ಗುಡಿ, ಇಳಿಜಾರು ಮಾಡು. ಮೇಲೆ ಚಪ್ಪಟೆ ಮಣ್ಣಿನ ಸೂರು, ಬೌದ್ಧರ ಮಠ, ಅಂದರೆ ಗೊಂಪಾ.

ಮಧ್ಯದಲ್ಲಿ? ಅಲ್ಲೇ ಇರುವುದು ಮಜಾ! ಕಲ್ಪಾ ಊರಿನಲ್ಲಿ ನಾರಾಯಣ-ನಾಗಿಣಿ ಗುಡಿಯೂ ಇದೆ, ಗೊಂಪಾವೂ ಇದೆ. ಸಾವಾದರೆ ಲಾಮಾ ಬರಬೇಕು, ಊರಿನ ತಕರಾರಿಗೆ ದೇವತೆಯೇ ತೀರ್ಪು ಕೊಡಬೇಕು. ಆ ದೇವತೆಯ ಪಲ್ಲಕ್ಕಿಯನ್ನು ಹತ್ತಿರದಿಂದ ನೋಡಬೇಕು: ನೆತ್ತಿಯ ಮೇಲೆ ಬಣ್ಣ ಹಾಕಿದ ಚಮರೀಮೃಗದ ಕೂದಲಿನ ದಟ್ಟ ಜೊಂಪೆ, ಸುತ್ತ ಲೋಹದ ಮುಖಗಳು, ಕೆಳಗೆ ಬಳುಕುವ ಉದ್ದನೆಯ ಮರದ ಕಂಬಗಳು. ಪ್ರಶ್ನೆ ಕೇಳಿದೊಡನೆ ಹೆಗಲ ಮೇಲೆ ಪಲ್ಲಕ್ಕಿ ಕುಣಿಯುತ್ತದೆ, ವಾಲುತ್ತದೆ, ಜನ ಅದನ್ನೇ ಉತ್ತರವೆಂದು ಓದಿಕೊಳ್ಳುತ್ತಾರೆ. ಹೊತ್ತವರ ತಲೆಯ ಮೇಲೆ ಹಸಿರು ಮಖಮಲ್ಲಿನ ಪಟ್ಟಿಯ ಉಣ್ಣೆ ಟೋಪಿ, ಥೇಪಾಂಗ್. ಲಾಮಾನಿಗೆ ಕೈಮುಗಿಯುವವರ ತಲೆಯ ಮೇಲೂ ಅದೇ!

ಚಿಲ್ಗೋಜಾ ಬೀಜದ ಪೈನ್ ಮರಗಳು, ಸೇಬಿನ ತೋಟಗಳು, ಸಾಂಗ್ಲಾ ಕಣಿವೆ: ಇವೆಲ್ಲ ಪ್ರವಾಸಿಗಳಿಗೆ ಗೊತ್ತಿರುವವೇ. ಇನ್ನೂ ಮೇಲಕ್ಕೆ ಹೋದರೆ, ಖಾಬ್‌ನಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ; ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ನಾಕೊ ಎಂಬ ಊರಿಗೆ ಏರುತ್ತದೆ. ಅಲ್ಲಿದೆ ಮಣ್ಣುಗೋಡೆಯ ಗೊಂಪಾ, ಹೊರಗಿನಿಂದ ದನದ ಕೊಟ್ಟಿಗೆಯಷ್ಟೇ ಸಾದಾ. ಒಳಗೆ ಕಾಲಿಟ್ಟರೆ ಉಸಿರೇ ನಿಲ್ಲಬೇಕು! ಸುಮಾರು 900 ವರ್ಷ ಹಿಂದಿನ ಭಿತ್ತಿಚಿತ್ರಗಳು, ಮಣ್ಣಿನ ಬುದ್ಧಮೂರ್ತಿಗಳು, ಅವುಗಳ ಶೈಲಿಯಲ್ಲಿ ಕಾಶ್ಮೀರಿ ಕಲೆಯ ಛಾಯೆ. ಊರಿಗೆ ಬೆನ್ನಾಗಿ ನಿಂತಿರುವುದು ರಿಯೋ ಪುರ್ಗಿಲ್, 6,816 ಮೀಟರ್, ಹಿಮಾಚಲದಲ್ಲೇ ಅತಿ ಎತ್ತರದ ಶಿಖರ. ಬುದ್ಧನ ಜೊತೆಗೆ ಈ ಬೆಟ್ಟವೂ ಇಲ್ಲಿಯವರಿಗೆ ದೇವರೇ!