ಬುತ್ತಿ ಗಂಟು, ಗೇಟಿನ ಮೇಜು

ಡಿಸೆಂಬರ್ ಬಂತೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಶಾಲೆಗಳಲ್ಲಿ ಪ್ರವಾಸದ್ದೇ ಮಾತು. ಮೈಸೂರು, ಬೇಲೂರು, ಹಳೇಬೀಡು ಎಂದು ಮೇಷ್ಟ್ರು ಪಟ್ಟಿ ಓದುತ್ತಿದ್ದರೆ ಮಕ್ಕಳು ಕಾಯುವುದು ಒಂದೇ ಹೆಸರಿಗೆ: ಬಿಡದಿಯ ವಂಡರ್‌ಲಾ. 2005ರಲ್ಲಿ ಶುರುವಾದ ಆ ಪಾರ್ಕಿಗೂ ನಮ್ಮ ಪಾಪಿನಾಯಕನಹಳ್ಳಿಗೂ ನಡುವೆ 350 ಕಿಲೋಮೀಟರಿಗೂ ಹೆಚ್ಚಿನ ದಾರಿ. ರಾತ್ರಿ ಉಂಡು ಬಸ್ಸು ಹತ್ತಿದರೆ ಚಿತ್ರದುರ್ಗದ ಹೆದ್ದಾರಿಯಲ್ಲಿ ನಿದ್ದೆ, ಬೆಂಗಳೂರು ಬರುವಾಗ ಬೆಳಕು.

ಅಷ್ಟು ದೂರಕ್ಕೆ ಬರಿಗೈಯಲ್ಲಿ ಮಕ್ಕಳನ್ನು ಕಳಿಸುವ ಮನೆ ಈ ಸೀಮೆಯಲ್ಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ, ಮಂಡಕ್ಕಿ ಒಗ್ಗರಣೆಯ ಪೊಟ್ಟಣ, ಎರಡು ಲೀಟರಿನ ನೀರಿನ ಬಾಟಲಿ. ಮನೆಮಂದಿಯೆಲ್ಲ ಹೊರಟರಂತೂ ಅಜ್ಜಿಯ ಎಲೆ‌ಅಡಿಕೆ ಚೀಲ, ಅದರೊಳಗೆ ಸುಣ್ಣದ ಡಬ್ಬಿ, ಅಡಕತ್ತರಿ. ಇದೆಲ್ಲ ಹೊತ್ತು ಪಾರ್ಕಿನ ಗೇಟಿಗೆ ಬಂದಾಗ ಎದುರಿಗೆ ಒಂದು ಉದ್ದನೆಯ ಮೇಜು, ಅದರಾಚೆ ಸಮವಸ್ತ್ರದ ಹುಡುಗ.

"ಚೀಲ ತೆಗೀರಿ ಅಜ್ಜಿ, ಏನಿದೆ ಇದರಲ್ಲಿ?"

"ಬುತ್ತಿ ಐತಪ್ಪ, ಮಕ್ಕಳದು."

"ಇದನ್ನ ಒಳಗೆ ಬಿಡಲ್ಲ."

ಅಮ್ಯೂಸ್‌ಮೆಂಟ್ ಪಾರ್ಕು, ಮಾಲ್, ಮಲ್ಟಿಪ್ಲೆಕ್ಸುಗಳ ಬಾಗಿಲಲ್ಲಿ ಈ ಮೂರು ಮಾತು ದಿನವೂ ನಡೆಯುತ್ತವೆ. ಆ ಗಳಿಗೆಯಲ್ಲಿ ಹಳ್ಳಿಯಿಂದ ಬಂದ ಕುಟುಂಬವೊಂದು ಹಿಂದಿನವರ ಕಣ್ಣೆದುರು ಚೀಲ ಬಿಚ್ಚಿ, ಏನು ತೆಗೆಯುವುದು, ಎಲ್ಲಿಡುವುದು, ಯಾರನ್ನು ಕೇಳುವುದು ಎಂದು ತಿಳಿಯದೆ ನಿಲ್ಲುತ್ತದೆ. ತಪಾಸಣೆ ಬೇಡ ಎನ್ನುವವನಲ್ಲ ನಾನು. ಆದರೆ ಆ ಒಂದೇ ಮೇಜಿನ ಮೇಲೆ ಮೂರು ಬೇರೆಬೇರೆ ಕೆಲಸ ನಡೆಯುತ್ತಿವೆ, ಅವನ್ನು ಬಿಡಿಸಿ ನೋಡಬೇಕು. ಚಾಕು, ಪಟಾಕಿ, ಮದ್ಯ ಹುಡುಕುವುದು ಜನರ ರಕ್ಷಣೆಯ ಕೆಲಸ. ಗಾಜಿನ ಬಾಟಲಿ, ಪ್ಲಾಸ್ಟಿಕ್ ತಡೆಯುವುದು ಜಾಗವನ್ನೂ ಪ್ರಾಣಿಗಳನ್ನೂ ಕಾಯುವ ಕೆಲಸ. ರೊಟ್ಟಿ ತಡೆಯುವುದು ಒಳಗಿನ ಹೋಟೆಲಿನ ವ್ಯಾಪಾರ. ಮೂರನ್ನೂ ಒಂದೇ ಸಮವಸ್ತ್ರದ ಒಬ್ಬನೇ ಮನುಷ್ಯ, ಒಂದೇ ದನಿಯಲ್ಲಿ ಮಾಡುವುದರಿಂದ ಮೊಸರನ್ನದ ಡಬ್ಬಿ ಹಿಡಿದ ತಾಯಿಗೆ ತಾನೇನೋ ಅಪರಾಧ ಮಾಡಿದೆ ಅನ್ನಿಸಿಬಿಡುತ್ತದೆ.

ಬಾಗಿಲಲ್ಲಿ ತಡೆಸಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅರಮನೆಯ ಬಾಗಿಲಲ್ಲಿ ಕೋಲು, ಚಾವಟಿ ಹಿಡಿದ ಕಾವಲುಗಾರರು ಇದ್ದುದನ್ನೂ ದಂಡನಾಯಕರು, ಅಪ್ಪಣೆ ಪಡೆದವರು ಬಿಟ್ಟರೆ ಬೇರೆ ಯಾರನ್ನೂ ಅವರು ಒಳಗೆ ಬಿಡದಿದ್ದುದನ್ನೂ ಬರೆದಿದ್ದಾನೆ. ಅರಮನೆ ನೋಡಲು ಅವನ ತಂಡಕ್ಕೆ ಅವಕಾಶ ಸಿಕ್ಕಾಗ ಬಾಗಿಲಲ್ಲಿ ತಲೆ ಎಣಿಸಿ, ಒಬ್ಬೊಬ್ಬರನ್ನಾಗಿ ಒಳಗಿನ ಅಂಗಳಕ್ಕೆ ಬಿಟ್ಟರಂತೆ. ಅವನ ನಂತರ ಬಂದ ನ್ಯೂನಿಜ್ ಇನ್ನೊಂದು ಸಂಗತಿ ದಾಖಲಿಸಿದ್ದಾನೆ. ನಗರದ ಹೆಬ್ಬಾಗಿಲೊಂದರ ಸುಂಕವನ್ನು ವರ್ಷಕ್ಕೆ 12,000 ಪರ್ದಾವೊ ನಾಣ್ಯಗಳಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಹಳ್ಳಿಯವರಾಗಲಿ ಪರದೇಶದವರಾಗಲಿ ಒಳಹೋಗುವಂತಿರಲಿಲ್ಲ. ದಿನಕ್ಕೆ 2,000 ಹೇರೆತ್ತುಗಳು ಆ ದಾರಿಯಲ್ಲಿ ಬರುತ್ತಿದ್ದವು, ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ಸುಂಕವಿರಲಿಲ್ಲ. ಅರಮನೆಯ ಬಾಗಿಲಿನ ಕಾವಲು ಒಂದು, ಊರ ಬಾಗಿಲಿನ ಸುಂಕ ಇನ್ನೊಂದು. ಎರಡಕ್ಕೂ ಬೇರೆ ಬಾಗಿಲು, ಬೇರೆ ಜನ. ಇವತ್ತಿನ ಪಾರ್ಕುಗಳಲ್ಲಿ ಕಾವಲಿನವನೇ ಸುಂಕದವನ ಕೆಲಸವನ್ನೂ ಮಾಡುತ್ತಿದ್ದಾನೆ.

ಪಾಪಿನಾಯಕನಹಳ್ಳಿಯ ಸುತ್ತಮುತ್ತಲಿನವರಿಗಂತೂ ಗೇಟಿನ ಶಿಸ್ತು ದಿನದ ಬದುಕು. ಗಣಿ, ಸ್ಪಾಂಜ್ ಐರನ್ ಘಟಕ, ಆಚೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಪಾಳಿಗೆ ಹೋಗುವವರು ಗೇಟ್‌ಪಾಸ್ ತೋರಿಸಿ, ಹೆಲ್ಮೆಟ್ ಹಾಕಿ, ಚೀಲ ತೆರೆದು ಒಳಹೋಗುತ್ತಾರೆ. ಒಬ್ಬರೂ ಬೇಸರಿಸುವುದಿಲ್ಲ, ಯಾಕೆ ತೆರೆಯಬೇಕೆಂದು ಎಲ್ಲರಿಗೂ ಗೊತ್ತು. ಊಟದ ಡಬ್ಬಿ ಅವರ ಜೊತೆಗೇ ಒಳಗೆ ಹೋಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಮಾತೂ ಅದೇ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ಮೇಲೆ ಅದೆಂಥ ಸೂಕ್ಷ್ಮ ಜಾಗ ಎಂಬುದು ಇಲ್ಲಿನ ಚಿಕ್ಕ ಮಕ್ಕಳಿಗೂ ತಿಳಿದಿದೆ. ಅಲ್ಲಿ ಕಾವಲಿನವರು ಯಾರನ್ನಾದರೂ ತಡೆದರೆ ಜನ ಒಪ್ಪುತ್ತಾರೆ. ಕಾರಣ ಗೊತ್ತಿದ್ದರೆ ನಮ್ಮ ಜನ ತಾಳ್ಮೆಯಿಂದ ನಿಲ್ಲುತ್ತಾರೆ. ಕಾರಣ ಹೇಳದೆ ಕೈ ಹಾಕಿದಾಗ ಮಾತ್ರ ಮನಸ್ಸು ಮುದುಡುತ್ತದೆ.

ರಕ್ಷಣೆಯ ಕಾರಣಗಳನ್ನು ಹಗುರವಾಗಿ ಕಾಣುವಂತಿಲ್ಲ. 2010ರ ಏಪ್ರಿಲ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಪಂದ್ಯಕ್ಕೆ ಮುಂಚೆ ಬಾಂಬ್ ಸಿಡಿದು ಹಲವರು ಗಾಯಗೊಂಡರು. ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ, ಪ್ರವೇಶ ನಿಯಂತ್ರಣ ಕಡ್ಡಾಯ ಮಾಡಲು ಕರ್ನಾಟಕ 2017ರಲ್ಲಿ ಸಾರ್ವಜನಿಕ ಸುರಕ್ಷತಾ ಕಾಯ್ದೆಯನ್ನೇ ತಂದಿತು. ಅಮೆರಿಕದ ಡಿಸ್ನಿ ಪಾರ್ಕುಗಳು 2015ರ ಡಿಸೆಂಬರಿನಲ್ಲಿ ಬಾಗಿಲಿಗೆ ಮೆಟಲ್ ಡಿಟೆಕ್ಟರ್ ತಂದು, ಆಟಿಕೆ ಬಂದೂಕನ್ನೂ ಹೊರಗಿಟ್ಟವು. ನೀರಾಟದ ಜಾಗದಲ್ಲಿ ಗಾಜಿನ ಬಾಟಲಿ ಯಾಕೆ ಬೇಡವೆಂದು ಯಾರೂ ವಿವರಿಸಬೇಕಿಲ್ಲ. ಒಡೆದ ಚೂರು ನೀರಿನಡಿ ಕಾಣುವುದಿಲ್ಲ, ಅಲ್ಲಿ ಓಡಾಡುವುದೆಲ್ಲ ಬರಿಗಾಲಿನ ಮಕ್ಕಳು.

ಅದೇ ಚಿನ್ನಸ್ವಾಮಿ ಕ್ರೀಡಾಂಗಣ 2025ರ ಜೂನ್ 4ರಂದು ಇನ್ನೊಂದು ಸತ್ಯವನ್ನೂ ತೋರಿಸಿತು. ಕಪ್ ಗೆದ್ದ ಸಂಭ್ರಮಕ್ಕೆಂದು ಬಂದ ಜನ ಗೇಟುಗಳ ಬಳಿ ಒತ್ತಿ, ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಹೊರಗಿನ ಸಾಲನ್ನು ಕಾಯುವುದೂ ಭದ್ರತೆಯೇ. ಒಳಗೆ ಹೋಗುವ ಚೀಲದ ಮೇಲೆ ಮಾತ್ರ ಕಣ್ಣಿಟ್ಟು, ಚೀಲ ಹಿಡಿದು ನಿಂತವರನ್ನು ಮರೆತರೆ ಅಪಾಯ ಗೇಟಿನ ಈಚೆಯೇ ಬೆಳೆಯುತ್ತದೆ.

ಸಾಲಿನ ಲೆಕ್ಕ ಸರಳ. ಒಂದು ಚೀಲ ತೆರೆದು ನೋಡಲು ಅರ್ಧ ನಿಮಿಷ ಹಿಡಿಯಿರಿ. 50 ಮಕ್ಕಳ ಒಂದು ಬಸ್ಸಿಗೆ ಒಂದು ಮೇಜಿನಲ್ಲಿ 25 ನಿಮಿಷ. ಪ್ರವಾಸದ ದಿನಗಳಲ್ಲಿ ಒಟ್ಟಿಗೆ ಹತ್ತು ಬಸ್ಸು ಬಂದು ನಿಂತರೆ ಕೊನೆಯ ಮಗುವಿನ ಸರದಿ ಬರುವುದು ನಾಲ್ಕು ತಾಸು ಕಳೆದ ಮೇಲೆ. ನಾಲ್ಕು ಮೇಜು ಹಾಕಿದರೆ ಅದೇ ಕೆಲಸ ಒಂದು ತಾಸಿನ ಆಸುಪಾಸಿಗೆ ಇಳಿಯುತ್ತದೆ. ಚೀಲವಿಲ್ಲದವರಿಗೆ ಬೇರೆ ಸಾಲು ಮಾಡಿದರೆ ಇನ್ನೂ ಬೇಗ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಮೇಜು, ನಾಲ್ಕು ಜನ, ತಲೆಯ ಮೇಲೆ ನೆರಳು, ಪಕ್ಕದಲ್ಲೊಂದು ನೀರಿನ ನಲ್ಲಿ ಇದ್ದರೆ ಸಾಕು. ಬಳ್ಳಾರಿ ಸೀಮೆಯ ಬಿಸಿಲು ಬಲ್ಲವರು ನೆರಳನ್ನು ಸೌಕರ್ಯವೆಂದು ಕರೆಯುವುದಿಲ್ಲ, ಅದು ಅಗತ್ಯ.

ಮೆಟಲ್ ಡಿಟೆಕ್ಟರಿನ ಚೌಕಟ್ಟು ನಮ್ಮ ಕಡೆಯವರಿಗೆ ಒಡ್ಡುವ ಕಷ್ಟ ಬೇರೆಯೇ. ಹುಡುಗರ ಸೊಂಟದಲ್ಲಿ ಬೆಳ್ಳಿಯ ಉಡಿದಾರ, ಹೆಂಗಸರ ಕಾಲಲ್ಲಿ ಕಾಲುಂಗುರ, ಸೆರಗಿನಲ್ಲಿ ಪಿನ್ನು, ಕೊರಳಲ್ಲಿ ತಾಳಿ. ಯಂತ್ರಕ್ಕೆ ಇವೆಲ್ಲ ಬರಿ ಲೋಹ, ಕೂಗುತ್ತದೆ. ಆಗ ಕೈಯಂತ್ರ ಹಿಡಿದವನು ಹತ್ತು ಜನರ ಮುಂದೆ "ಅಂಗಿ ಎತ್ತು" ಎಂದರೆ ಹದಿಮೂರರ ಹುಡುಗ ನಾಚಿಕೆಯಿಂದ ಕುಗ್ಗುತ್ತಾನೆ. "ಉಡಿದಾರ ಐತೇನಪ್ಪ?" ಎಂದು ಕೇಳಿ, ಯಂತ್ರವನ್ನು ಬಟ್ಟೆಯ ಮೇಲೆಯೇ ಆಡಿಸಿ ನೋಡಿದರೆ ಕೆಲಸ ಮುಗಿಯಿತು. ಹೆಣ್ಣುಮಕ್ಕಳ ತಪಾಸಣೆಗೆ ಹೆಂಗಸರೇ ಇರಬೇಕು, ಪರದೆಯ ಮರೆ ಇರಬೇಕು. ಇಷ್ಟನ್ನು ಯಾರೇ ಆದರೂ ಗಟ್ಟಿಯಾಗಿ ಕೇಳಿ ಪಡೆಯಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರು ಚೌಕಟ್ಟಿನ ಹತ್ತಿರ ಹೋಗುವ ಮುಂಚೆಯೇ ಕಾರ್ಡು ತೋರಿಸಿ ಹೇಳಿದರೆ ಕೈಯಿಂದಲೇ ತಪಾಸಣೆ ಮಾಡಿಸಿಕೊಳ್ಳಬಹುದು.

ಆ ಮೇಜಿನಾಚೆ ನಿಂತವರ ಬಗ್ಗೆಯೂ ಕಾಳಜಿಯಿಂದ ಎರಡು ಮಾತು ಹೇಳಬೇಕು. ಪಾರ್ಕುಗಳ ಗೇಟಿನಲ್ಲಿರುವವರು ಹೆಚ್ಚಾಗಿ ಖಾಸಗಿ ಏಜೆನ್ಸಿಯ ಕಾವಲುಗಾರರು, ನಮ್ಮಂಥ ಹಳ್ಳಿಗಳಿಂದಲೇ ಹೋದ ಹುಡುಗ ಹುಡುಗಿಯರು. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕೆ 2005ರ ಕೇಂದ್ರ ಕಾಯ್ದೆ ಇದೆ. ಅದರಡಿ ರೂಪಿಸಿದ ಮಾದರಿ ನಿಯಮಗಳು ಹೊಸಬರಿಗೆ 100 ತಾಸು ಪಾಠ, 60 ತಾಸು ಕ್ಷೇತ್ರ ತರಬೇತಿ ಎನ್ನುತ್ತವೆ. ಅವರಿಗೆ ಪೊಲೀಸರ ಅಧಿಕಾರವಿಲ್ಲ. ಚೀಲ ತೆರೆಯಲು ಒಪ್ಪದವರನ್ನು ಒಳಗೆ ಬಿಡದೆ ಇರಬಹುದು, ಅಷ್ಟೇ. ರೊಟ್ಟಿ ಬಿಡಬೇಡ ಎಂಬ ನಿಯಮ ಆ ಹುಡುಗ ಮಾಡಿದ್ದಲ್ಲ, ದಿನಕ್ಕೆ ಸಾವಿರ ಸಲ ಅದನ್ನು ಹೇಳಿ ಬೈಸಿಕೊಳ್ಳುವವನು ಅವನು. ಸಿಟ್ಟು ಬಂದಾಗ ಅವನ ಮೇಲೆ ಹಾಯದೆ ಮ್ಯಾನೇಜರನ್ನು ಕರೆಸಿ ಕೇಳುವುದು ಸರಿಯಾದ ದಾರಿ.

ಹೊರಗಿನ ತಿನಿಸು ತಡೆಯುವ ಹಕ್ಕು ಪಾರ್ಕಿಗೆ ಇದೆಯೇ? ಸಿನಿಮಾ ಮಂದಿರಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಇದಕ್ಕೆ ಉತ್ತರ ಕೊಟ್ಟಿದೆ. ಮಂದಿರ ಮಾಲೀಕನ ಖಾಸಗಿ ಆಸ್ತಿ, ಹೊರಗಿನ ಆಹಾರ ಬೇಡ ಎನ್ನಲು ಅವನಿಗೆ ಹಕ್ಕಿದೆ. ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಕೂಸಿಗೆ ತಂದ ಆಹಾರವನ್ನು ತಡೆಯಬಾರದು. ಆ ತೀರ್ಪು ಬಂದದ್ದು ಸಿನಿಮಾದ ಪ್ರಕರಣದಲ್ಲಿ. ಆದರೂ ಎರಡು ತಾಸಿನ ಸಿನಿಮಾಕ್ಕೆ ನೀರು ಮತ್ತು ಕೂಸಿನ ಊಟ ಬೇಕೆಂದಾದರೆ, ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಆಡುವ ಜಾಗಕ್ಕೆ ಇನ್ನೂ ಹೆಚ್ಚು ಬೇಕು. ವಂಡರ್‌ಲಾ ಸೇರಿದಂತೆ ದೊಡ್ಡ ಪಾರ್ಕುಗಳಲ್ಲಿ ಹೊರಗಿನ ಆಹಾರ ಬಿಡುವುದಿಲ್ಲ ಎಂಬ ನಿಯಮ ಮುಚ್ಚುಮರೆಯದಲ್ಲ. ಆದರೆ ಅದು ತಿಳಿಯಬೇಕಾದದ್ದು ಟಿಕೆಟ್ ಕೊಳ್ಳುವಾಗ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ ಮೇಜಿನೆದುರು ತಿಳಿಯುವುದು ನ್ಯಾಯವಲ್ಲ. ಬುತ್ತಿ ಬೇಡವೆಂದರೆ ಬುತ್ತಿ ಇಡಲೊಂದು ಕಪಾಟು, ಗೇಟಿನ ಹೊರಗೆ ಕೂತು ಉಣ್ಣಲು ಒಂದು ಮರದ ನೆರಳು, ಉಂಡು ಬಂದವರಿಗೆ ಮತ್ತೆ ಒಳಹೋಗುವ ಗುರುತು. ಅನ್ನವನ್ನು ಕಸದ ಡಬ್ಬಿಗೆ ಹಾಕಿಸುವ ವ್ಯವಸ್ಥೆಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಚೀಲ ನೋಡುವ ಕೆಲಸವನ್ನು ಒಳ್ಳೆಯ ರೀತಿ ಮಾಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಮಾದರಿ ಇದೆ. 1892ರಲ್ಲಿ ಸ್ಥಾಪನೆಯಾದ ಮೈಸೂರು ಮೃಗಾಲಯದಲ್ಲಿ ನೀರಿನ ಬಾಟಲಿಯನ್ನು ಕಿತ್ತುಕೊಳ್ಳದೆ, ಸ್ಟಿಕ್ಕರ್ ಅಂಟಿಸಿ ಸಣ್ಣ ಠೇವಣಿ ಪಡೆದು, ಹೊರಬರುವಾಗ ಬಾಟಲಿ ತೋರಿಸಿದರೆ ಹಣ ಹಿಂದಿರುಗಿಸುವ ಪದ್ಧತಿ ರೂಢಿಗೆ ಬಂತು. ನೀರೂ ಉಳಿಯಿತು, ಜಿಂಕೆಯ ಹೊಟ್ಟೆಗೆ ಪ್ಲಾಸ್ಟಿಕ್ ಹೋಗುವುದೂ ತಪ್ಪಿತು. ನಮ್ಮ ಪಕ್ಕದ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನಕ್ಕೆ ಹೋಗುವವರು ಚಿಪ್ಸ್ ಪೊಟ್ಟಣಗಳನ್ನು ಬಸ್ಸಿನಲ್ಲೇ ಬಿಟ್ಟು ಇಳಿದರೆ ಗೇಟಿನಲ್ಲಿ ನಿಲ್ಲಬೇಕಾದ ಹೊತ್ತೂ ಕಡಿಮೆ, ಕರಡಿ ಚಿರತೆಗಳಿರುವ ಕಾಡಿಗೂ ಕ್ಷೇಮ.

ಈ ಸಲ ಪ್ರವಾಸ ಹೊರಡಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೇಳಿಕೆ. ಬಸ್ಸು ಗೊತ್ತುಮಾಡುವ ಮುಂಚೆ ಪಾರ್ಕಿಗೆ ಫೋನ್ ಮಾಡಿ. ಬುತ್ತಿ ಬಿಡುತ್ತೀರಾ, ಇಲ್ಲವಾದರೆ ಎಲ್ಲಿ ಇಡಬೇಕು, ಹೊರಗೆ ಬಂದು ಉಂಡು ಮತ್ತೆ ಒಳಹೋಗಬಹುದೇ, ಕುಡಿಯುವ ನೀರು ಎಲ್ಲೆಲ್ಲಿದೆ, ಶಾಲೆಯ ಮಕ್ಕಳಿಗೆ ಬೇರೆ ಸಾಲು ಇದೆಯೇ ಎಂದು ಕೇಳಿ, ಉತ್ತರ ಬರೆದುಕೊಂಡು ತಂದೆತಾಯಿಯರ ಸಭೆಯಲ್ಲಿ ಓದಿ ಹೇಳಿ. ಬುತ್ತಿ ಬಿಡುವುದಿಲ್ಲವೆಂದರೆ ಬೆಳಗಿನ ಊಟಕ್ಕಾಗುವಷ್ಟು ರೊಟ್ಟಿ ಮಾತ್ರ ಕಟ್ಟಿಸಿ, ಗೇಟಿಗೆ ಹೋಗುವ ಮುಂಚೆ ದಾರಿಯಲ್ಲೇ ಉಣ್ಣಿಸಿ. ನಾಣ್ಯ, ಬೀಗದ ಕೈ, ಫೋನು ಒಂದು ಸಣ್ಣ ಚೀಲದಲ್ಲಿ ಒಟ್ಟಿಗಿದ್ದರೆ ಚೌಕಟ್ಟು ದಾಟುವುದು ಸಲೀಸು. ಮಾತ್ರೆ, ಇನ್ಸುಲಿನ್ ತರುವವರು ಡಾಕ್ಟರ ಚೀಟಿಯನ್ನು ಅದರ ಜೊತೆಗೇ ಇಡಲಿ. ಅಜ್ಜಿ ಬರುವುದಾದರೆ ಅಡಕತ್ತರಿ ಮನೆಯಲ್ಲೇ ಇರಲಿ, ಕತ್ತರಿಸಿದ ಅಡಿಕೆ ಚೀಲದಲ್ಲಿ ಹೋಗಲಿ.