ಬೆರಳ ತುದಿಯ ಲೆಕ್ಕ

ಮಧುಮೇಹ ಎಂಬ ಹೆಸರಿನಲ್ಲೇ ಹಳೆಯ ಪರೀಕ್ಷೆಯೊಂದು ಅಡಗಿದೆ. ರೋಗಿಯ ಮೂತ್ರ ಜೇನಿನಂತೆ ಸಿಹಿ, ಅದಕ್ಕೆ ಇರುವೆ ಮುತ್ತುತ್ತದೆ ಎಂಬುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಇರುವೆಯ ಕೆಲಸವನ್ನು ಬೆನೆಡಿಕ್ಟ್ ದ್ರಾವಣ ವಹಿಸಿಕೊಂಡಿತು. ಈ ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಸೇರಿಸಿ ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಅದು ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತಿತ್ತು.

ಆದರೆ ಮೂತ್ರ ಹೇಳುವುದು ಕೆಲವು ಗಂಟೆ ಹಿಂದಿನ ಸುದ್ದಿ. ರಕ್ತದಲ್ಲಿನ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪುವ ಹಂತ ಮುಟ್ಟಿದ್ದರೂ ದ್ರಾವಣದಿಂದ ಅದು ತಿಳಿಯುತ್ತಿರಲಿಲ್ಲ.

ರಕ್ತದ ಹನಿಯನ್ನೇ ಅಳೆಯುವ ಯಂತ್ರ 1970ರ ಸುಮಾರಿಗೆ ಅಮೆರಿಕದಲ್ಲಿ ಬಂತು. ಒಂದು ಕಿಲೋಗೂ ಹೆಚ್ಚು ತೂಕವಿದ್ದ ಅದನ್ನು ವೈದ್ಯರಿಗೆ ಮಾತ್ರ ಮಾರುತ್ತಿದ್ದರು. ಹನ್ನೆರಡನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆಯಿಂದ ನರಳುತ್ತಿದ್ದ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರ್ ಅದರ ಜಾಹೀರಾತು ಕಂಡರು. ರೋಗಿಗೆ ಕೊಡುವುದಿಲ್ಲವೆಂದಾಗ, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ 650 ಡಾಲರ್ ತೆತ್ತು ತರಿಸಿಕೊಂಡರು. ದಿನಕ್ಕೆ ಐದಾರು ಬಾರಿ ಅಳೆದು, ಅದಕ್ಕೆ ತಕ್ಕಂತೆ ಊಟವನ್ನೂ ಇನ್ಸುಲಿನ್ನನ್ನೂ ಹೊಂದಿಸಿಕೊಂಡರು, ಆರೋಗ್ಯ ಸುಧಾರಿಸಿತು. ಆದರೆ ಅವರ ಬರಹಗಳನ್ನು ವೈದ್ಯಕೀಯ ಪತ್ರಿಕೆಗಳು ಹಿಂತಿರುಗಿಸಿದವು. ಕೊನೆಗೆ 45ನೆಯ ವಯಸ್ಸಿನಲ್ಲಿ ಅವರು ವೈದ್ಯಕೀಯ ಕಾಲೇಜು ಸೇರಿ ತಾವೇ ವೈದ್ಯರಾದರು. 2025ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.

ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಆಗುವ ಲಾಭ 1993ರಲ್ಲಿ ಖಚಿತವಾಯಿತು. ಅಮೆರಿಕ, ಕೆನಡಾಗಳ 1,441 ಇನ್ಸುಲಿನ್ ಅವಲಂಬಿತ ರೋಗಿಗಳ ಅಧ್ಯಯನದಲ್ಲಿ, ಹೀಗೆ ಹತೋಟಿ ಸಾಧಿಸಿದವರಿಗೆ ಕಣ್ಣಿನ ಅಕ್ಷಿಪಟಲ ಕೆಡುವ ಅಪಾಯ ಶೇಕಡ 76ರಷ್ಟು ತಗ್ಗಿತ್ತು. ಸಕ್ಕರೆ ತೀರಾ ಕುಸಿಯುವ ಪ್ರಸಂಗಗಳು ಮಾತ್ರ ಸುಮಾರು ಮೂರು ಪಟ್ಟಾಗಿದ್ದವು. ಎರಡನ್ನೂ ಕಾಯಬೇಕಾದರೆ ಮನೆಯಲ್ಲೇ ಅಳೆಯಬೇಕು.

ಇಂದಿನ ಗ್ಲುಕೋಮೀಟರ್ ಅಂಗೈಯಲ್ಲಿ ಅಡಗುತ್ತದೆ. ಸ್ಟ್ರಿಪ್ಪಿಗೆ ಲೇಪಿಸಿದ ಕಿಣ್ವವು ರಕ್ತದ ಗ್ಲೂಕೋಸ್ ಜತೆ ವರ್ತಿಸಿದಾಗ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಮೀಟರ್ ಅದನ್ನೇ ಅಂಕಿಯಾಗಿ ತೋರಿಸುತ್ತದೆ.

ಅಂಕಿ ಸರಿಯಾಗಿರಬೇಕಾದರೆ ಕೈ ಶುಚಿಯಾಗಿರಬೇಕು. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿಕೊಂಡರೆ, ಮೀಟರ್ ಹಣ್ಣಿನ ಸಕ್ಕರೆಯನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಸೋಪಿನಿಂದ ತೊಳೆದು, ಒರೆಸಿ, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿದರೆ ನೋವೂ ಕಡಿಮೆ. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಅವಧಿ ಮುಗಿದವನ್ನು ಬಳಸಬಾರದು. ಸೂಜಿಯನ್ನು ಒಬ್ಬರದು ಇನ್ನೊಬ್ಬರು ಮುಟ್ಟಲೇಬಾರದು.

ಹತ್ತು ಅಂಕಿ ಏರಿತೆಂದು ಗಾಬರಿಯಾಗಬೇಕಿಲ್ಲ; ಮೀಟರಿನಲ್ಲಿ ಅಷ್ಟು ಏರುಪೇರು ಸಹಜ. ರಾಗಿಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂದು ನಂಬಿದವರು ಊಟವಾದ ಎರಡು ಗಂಟೆಗೆ ಒಮ್ಮೆ ಅಳೆದು ನೋಡಲಿ. ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆಂದು ಆಗ ತಿಳಿಯುತ್ತದೆ. ಅಂಕಿಯ ಜತೆ ಹೊತ್ತನ್ನೂ ಊಟವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಅವರನ್ನು ಕೇಳದೆ ಔಷಧಿಯ ಪ್ರಮಾಣ ಬದಲಿಸಬೇಡಿ. ಬರ್ನ್‌ಸ್ಟೀನ್ ಹೆಂಡತಿಯ ಹೆಸರು ಹೇಳಿ ಪಡೆದ ಯಂತ್ರ ಈಗ ಔಷಧಿ ಅಂಗಡಿಯಲ್ಲಿ ಯಾರು ಕೇಳಿದರೂ ಸಿಗುತ್ತದೆ. ತಂದದ್ದನ್ನು ಅಂಕಿಗೆ ಹೆದರಿ ಬೀರುವಿನಲ್ಲಿ ಇಡದಿದ್ದರೆ ಸರಿ.